ಆ ಹೆಸರಿಗೆ ಅನ್ನವಿಟ್ಟವರು

ಮೊನ್ನೆ ಸೊಸೆ ಬೆಣ್ಣೆ ಕಾಯಿಸಲು ಇಟ್ಟು ಮರೆತಳು. ಹಿತ್ತಲಲ್ಲಿ ಬಟ್ಟೆ ಮಡಚುತ್ತಿದ್ದ ನನ್ನ ಮೂಗಿಗೆ ಸೀದ ತುಪ್ಪದ ವಾಸನೆ ಬಡಿಯಿತು. ಅವಳು ಓಡಿಬಂದು ಒಲೆ ಆರಿಸಿದಳು, ಕಿಟಕಿ ತೆಗೆದಳು. ನಾನು ಮಾತ್ರ ಮಡಚುತ್ತಿದ್ದ ಪಂಚೆಯನ್ನು ಕೈಯಲ್ಲೇ ಹಿಡಿದುಕೊಂಡು ಹೊನ್ನಾವರದ ಹೊಳೆದಂಡೆಯ ಒಂದು ಅಂಗಳದಲ್ಲಿ ನಿಂತುಬಿಟ್ಟಿದ್ದೆ... ಆ ಅಂಗಳ ನಮ್ಮ ಭಟ್ಟರದು.

ಅವರು ಅಪರಕ್ರಿಯೆಯ ಭಟ್ಟರು. ಮದುವೆ, ಮುಂಜಿಗೆ ಅವರನ್ನು ಯಾರೂ ಕರೆಯುತ್ತಿರಲಿಲ್ಲ. ಸತ್ತ ಮನೆಗೆ ಮಾತ್ರ ಅವರು ಬೇಕು. ಬೆಳಗ್ಗೆ ಎದ್ದು ಅವರ ಮುಖ ನೋಡಬಾರದು ಎಂದು ಕೇರಿಯಲ್ಲಿ ನಂಬಿಕೆ. ಅದು ಅವರಿಗೂ ಗೊತ್ತಿತ್ತು. ಓಣಿ ತಿರುಗುವ ಮೊದಲು ಚಿರೆಕಲ್ಲಿನ ಗೋಡೆಗೆ ಕೊಡೆಯ ತುದಿಯಿಂದ ಎರಡು ಸಲ ಬಡಿಯುತ್ತಿದ್ದರು, ಒಳಗೆ ಹೋಗುವವರು ಹೋಗಲಿ ಎಂದು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ನಮ್ಮ ಮನೆಯಿಂದ ಕೆಳಗೆ, ಹೊಳೆಗೆ ಹತ್ತಿರ ಒಬ್ಬರೇ ಇದ್ದರು.

ನಮ್ಮವರು ಮುಂಬಯಿಯ ಒಬ್ಬ ಗುಜರಾತಿ ವ್ಯಾಪಾರಿಯ ಮನೆಯಲ್ಲಿ ಅಡುಗೆಗೆ ಇದ್ದವರು. ಆ ಮನೆಯವರು ರಂಗೂನಿಗೆ ಹೋಗುವಾಗ ಇವರನ್ನೂ ಕರೆದುಕೊಂಡು ಹೋದರು. ನಮ್ಮ ಮದುವೆಯಾಗಿ ಆಗಿನ್ನೂ ವರ್ಷ ಕಳೆದಿತ್ತಷ್ಟೆ. ಆಮೇಲೆ ಯುದ್ಧ ಬಂತು. ಬರ್ಮಾ ಜಪಾನಿಗಳ ಕೈಗೆ ಹೋಯಿತು, ಕಾಗದ ಬರುವುದು ನಿಂತಿತು. ಮಳೆಗಾಲ ಕಳೆದ ಮೇಲೆ ಭಟ್ಕಳದ ಒಬ್ಬ ಸಾಹೇಬರು ಅಲ್ಲಿಂದ ಕಾಡುದಾರಿಯಲ್ಲಿ ನಡೆದು ಊರು ಮುಟ್ಟಿದರು. ನಮ್ಮವರು ದಾರಿಯಲ್ಲಿ ವಾಂತಿಭೇದಿಯಾಗಿ ಬಿದ್ದದ್ದನ್ನು ನಾನೇ ಕಂಡೆ, ನಿಂತು ನೋಡಲು ಆಗಲಿಲ್ಲ ಎಂದು ನಮ್ಮ ಜಗಲಿಯಲ್ಲಿ ಕೂತು ಅತ್ತರು. ಸುಳ್ಳು ಹೇಳುವವರಲ್ಲ ಅವರು.

ದೇಹ ಸಿಗದವರಿಗೆ ದರ್ಭೆ ಮತ್ತು ಮುತ್ತುಗದ ಎಲೆಗಳಿಂದ ಮನುಷ್ಯನ ಆಕಾರ ಮಾಡಿ, ತಲೆಗೆ ತೆಂಗಿನಕಾಯಿ ಇಟ್ಟು ಸುಡುವ ಕ್ರಮವಿದೆ. ಭಟ್ಟರು ಇನ್ನೂ ಕೆಲವು ಕಾಲ ಕಾಯೋಣ ಎಂದರು. ಅತ್ತೆ ಒಪ್ಪಲಿಲ್ಲ. ಮಗ ಗತಿಯಿಲ್ಲದೆ ಅಲೆಯುತ್ತಿದ್ದಾನೆ ಎಂಬ ಚಿಂತೆ ಅವರನ್ನು ತಿನ್ನುತ್ತಿತ್ತು. ಮೈದುನ ಕೊಳ್ಳಿ ಇಟ್ಟ. ಬೆಂಕಿ ಹತ್ತಿದ ಮೇಲೆ ಆ ತೆಂಗಿನಕಾಯಿ ಒಡೆಯಲಿಲ್ಲವಂತೆ. ಉರಿಯಿಂದ ಹೊರಗೆ ಉರುಳಿ, ಇಳಿಜಾರಿನಲ್ಲಿ ಹೋಗಿ ಹೊಳೆಗೆ ಬಿದ್ದು, ಇಳಿತದ ನೀರಿನಲ್ಲಿ ಸಮುದ್ರ ಸೇರುವ ಅಳಿವೆಯ ಕಡೆಗೆ ಹೋಯಿತಂತೆ. ಮೈದುನ ಬಂದು ನನಗೆ ಹೇಳಿದ್ದು ಇದು.

ಹತ್ತನೆಯ ದಿನ ನಾನೂ ದಂಡೆಯಲ್ಲಿದ್ದೆ. ಪಿಂಡ ಇಟ್ಟಾಗಿತ್ತು. ಮರದ ತುಂಬ ಕಾಗೆಗಳು. ಒಂದೂ ಕೂಗಲಿಲ್ಲ, ಒಂದೂ ಕೆಳಗಿಳಿಯಲಿಲ್ಲ. ಎಲ್ಲವೂ ಸಮುದ್ರದ ಕಡೆಗೆ ಮುಖ ಮಾಡಿ ಕೂತಿದ್ದವು. ನೆತ್ತಿಯ ಮೇಲೆ ಬಿಸಿಲು ಬಂದರೂ ಹಾಗೆಯೇ. ಕೊನೆಗೆ ಭಟ್ಟರು ದರ್ಭೆಯಲ್ಲೇ ಕಾಗೆ ಮಾಡಿ ಪಿಂಡಕ್ಕೆ ಮುಟ್ಟಿಸಿ ಶಾಸ್ತ್ರ ಮುಗಿಸಿದರು. ನನ್ನ ಕರಿಮಣಿ ಹೋಯಿತು, ಬಳೆ ಹೋಯಿತು. ತಲೆ ಬೋಳಿಸಲು ಕ್ಷೌರಿಕ ಬಂದು ಕೂತಿದ್ದ. ಭಟ್ಟರು ಅಡ್ಡ ಬಂದು ನಿಂತರು.

“ಕಾಗೆ ಮುಟ್ಟಿದ್ದಿಲ್ಲೆ. ಈ ಕೂಸಿನ ತಲೆಗೆ ಕತ್ತಿ ಮುಟ್ಸಲೆ ಆನು ಹೇಳ್ತ್ನಿಲ್ಲೆ.”

ಅತ್ತೆ ಬೈದರು, ಅತ್ತರು. ಭಟ್ಟರು ಜಾಗ ಬಿಟ್ಟು ಕದಲಲಿಲ್ಲ. ಹೀಗೆ ನನ್ನ ಕೂದಲು ಉಳಿಯಿತು. ಆದರೆ ಅದನ್ನು ಬಾಚಿಕೊಳ್ಳಲೂ ನನಗೆ ಹೆದರಿಕೆಯಾಗುತ್ತಿತ್ತು.

ಯುದ್ಧ ಮುಗಿದ ಮೇಲೆ ಒಂದು ದಿನ, ಮಳೆ ಬಿಟ್ಟು ಸುಡುಬಿಸಿಲು ಬಿದ್ದ ಮಧ್ಯಾಹ್ನ, ಬೇಲಿಯ ದಣಪೆಯ ಆಚೆಯಿಂದ ಯಾರೋ “ಆಯೀ” ಎಂದು ಕರೆದರು. ಅತ್ತೆಯ ಕೈಯಿಂದ ಸೌಟು ಬಿತ್ತು. ಎದ್ದು ಹೋಗಿ ಬಾಗಿಲಿಗೆ ಅಗಳಿ ಹಾಕಿದರು.

“ಹೋಗಡ. ಅವ ಅಲ್ಲ ಅದು,” ಎಂದರು ನನಗೆ.

ನಾನು ಕಿಟಕಿಯಿಂದ ನೋಡಿದೆ. ತಲೆಯೆಲ್ಲ ಬೆಳ್ಳಗಾದ, ಎಲುಬಿನ ಹಂದರವಾಗಿದ್ದ ಒಬ್ಬ ಗಂಡಸು. ಒಳಗೆ ಬರದೆ, ಹೊರಗೂ ಹೋಗದೆ ನಿಂತಿದ್ದ. ದನಿ ನಮ್ಮವರದ್ದೇ. ಆದರೂ ನಾನು ಅಗಳಿ ತೆಗೆಯಲಿಲ್ಲ. ಸತ್ತವರು ಬಾಗಿಲಿಗೆ ಬಂದು ಕರೆಯುತ್ತಾರೆ ಎಂದು ಕೇಳಿಕೊಂಡೇ ಬೆಳೆದವರಲ್ಲವೇ ನಾವೆಲ್ಲ... ಮೈದುನ ಹಿಂಬಾಗಿಲಿನಿಂದ ಓಡಿ ಭಟ್ಟರನ್ನು ಕರೆತಂದ.

ಭಟ್ಟರು ಸೀದಾ ಹೋಗಿ ಆ ಮನುಷ್ಯನ ಕೈ ಹಿಡಿದು, ಬಿಸಿಲಿನಲ್ಲೇ ಕೂರಿಸಿ, ತಾವೂ ಕೂತರು.

“ಹಸಿವಾಗ್ತಾ, ತಮ್ಮಾ?”

“ಆಗ್ತು ಭಟ್ರೇ.”

ಭಟ್ಟರು ಆ ಮುಖ ನೋಡಿದರು, ನೆಲಕ್ಕೆ ಬಿದ್ದ ನೆರಳು ನೋಡಿದರು. ಆಮೇಲೆ ನಮ್ಮ ಮುಚ್ಚಿದ ಬಾಗಿಲಿನ ಕಡೆಗೆ ತಿರುಗಿ ಗಟ್ಟಿಯಾಗಿ ಹೇಳಿದರು: “ಇವ ಬದುಕಿದ್ದ. ಇವನ ಸಾಯಿಸಿದ್ದು ಆನು. ಆನೇ ಹುಟ್ಟಿಸವು.”

ಹಾಗೆ ಮತ್ತೆ ಹುಟ್ಟಿಸುವವರೆಗೆ ನಮ್ಮವರು ಭಟ್ಟರ ಮನೆಯಲ್ಲೇ ಇದ್ದರು. ದಾರಿಯಲ್ಲಿ ಬಿದ್ದ ಇವರನ್ನು ಬೆಟ್ಟದ ಜನ ಎತ್ತಿಕೊಂಡು ಹೋಗಿ ಬದುಕಿಸಿದ್ದರಂತೆ. ಭಟ್ಟರು ಗೋಕರ್ಣಕ್ಕೆ ನಡೆದು ಹೋಗಿ ಅಲ್ಲಿನ ವೈದಿಕರಲ್ಲಿ ವಿಧಿ ಕೇಳಿಕೊಂಡು ಬಂದರು. ಕರ್ಮವಾದ ಮೇಲೆ ಜೀವಂತ ಬಂದವನು ತುಪ್ಪ ತುಂಬಿದ ಪಾತ್ರೆಯ ಗರ್ಭದಿಂದ ಮತ್ತೆ ಹುಟ್ಟಬೇಕು. ಎಲ್ಲವನ್ನೂ ಅಳೆದು ಕೊಡುವ ಕಂಟ್ರೋಲಿನ ಕಾಲ. ಹಂಡೆ ತುಂಬ ತುಪ್ಪ ಎಲ್ಲಿಂದ ಬರಬೇಕು? ಭಟ್ಟರು ಇಡಗುಂಜಿಯವರೆಗೆ ಮನೆಮನೆ ತಿರುಗಿದರು. ಜನ ಹೆದರಿಕೊಂಡೇ ಒಂದೊಂದು ಗಿಂಡಿ ತಂದು ಹೊಸ್ತಿಲಾಚೆ ಇಟ್ಟರು. ಸಾಲದ್ದಕ್ಕೆ ನೀರು ಬೆರೆಸಿದರು.

ಆ ದಿನ ಊರಿನವರು ಯಾರೂ ಬರಲಿಲ್ಲ. ಬೆಚ್ಚಗಿನ ಹಂಡೆಯಲ್ಲಿ ನಮ್ಮವರು ಮುಷ್ಟಿ ಬಿಗಿಹಿಡಿದು, ಮೊಣಕಾಲು ಎದೆಗೊತ್ತಿಕೊಂಡು ಕೂತರು. ಮಾತಾಡಬಾರದು, ಕಣ್ಣು ಬಿಡಬಾರದು. ಬಸುರಿಗೆ ಹೇಳುವ ಮಂತ್ರಗಳನ್ನು ಭಟ್ಟರು ಆ ಹಂಡೆಗೆ ಹೇಳಿದರು. ಒಲೆಯ ಬದಿ ಚೆಲ್ಲಿದ ತುಪ್ಪ ಸೀದು ಅಂಗಳವೆಲ್ಲ ಹೊಗೆ. ಕೊನೆಗೆ ಭುಜ ಹಿಡಿದು ಎತ್ತಿ ನಿಲ್ಲಿಸಿ, ಅಳು ಎಂದರು. ನಮ್ಮವರು ಸುಮ್ಮನೆ ನಿಂತರು. ತುಪ್ಪ ಮೈಯಿಂದ ತೊಟ್ಟಿಕ್ಕುತ್ತಿತ್ತು. ಹುಟ್ಟಿದ್ದು ಅಳದಿದ್ದರೆ ಏನರ್ಥ ಎಂದು ನಮಗೆಲ್ಲ ಗೊತ್ತು. ಆಮೇಲೆ ಅವರೊಳಗೆ ಎಲ್ಲಿಂದಲೋ ಒಂದು ಸದ್ದು ಬಂತು, ಎದೆ ಸೀಳಿಕೊಂಡು ಬಂದ ಹಾಗೆ. ಅಷ್ಟೊತ್ತೂ ದೂರ ನಿಂತಿದ್ದ ಅತ್ತೆ ಓಡಿಬಂದು ಆ ತುಪ್ಪದ ಮೈಯನ್ನು ಸೆರಗಿನಿಂದ ಸುತ್ತಿ ಅಪ್ಪಿಕೊಂಡರು.

ಭಟ್ಟರು ಹೊಸ ಹೆಸರಿಟ್ಟರು. ಮತ್ತೆ ಮುಂಜಿ ಮಾಡಿ, ಮತ್ತೆ ನನಗೆ ಕರಿಮಣಿ ಕಟ್ಟಿಸಿದರು. ಮಂಗಲಕಾರ್ಯಕ್ಕೆ ಅವರು ಕೂತದ್ದು ಅದೊಂದೇ ಸಲ ಇರಬೇಕು.

“ಹಳೇ ಹೆಸರು ಕರೆಯಡಿ. ಅದು ಈಗ ಇವಂದಲ್ಲ,” ಎಂದರು ಅತ್ತೆಗೆ.

ಆದರೆ ತಾಯಿಯ ನಾಲಿಗೆ. ಒಂದು ಮಧ್ಯಾಹ್ನ ನಮ್ಮವರು ಅಡುಗೆಮನೆಯಲ್ಲಿ ಎಲೆಯ ಮುಂದೆ ಕೂತಿದ್ದರು, ನಾನು ಬಡಿಸುತ್ತಿದ್ದೆ. ಇವರು ಒಳಗಿರುವುದು ತಿಳಿಯದೆ ಅತ್ತೆ ಹಿತ್ತಲಲ್ಲಿ ನಿಂತು, ಊಟಕ್ಕೆ ಬಾ ಎಂದು ಹಳೆಯ ಹೆಸರು ಹಿಡಿದು ಕೂಗಿದರು.

ಹೊಳೆಯ ಕಡೆಯಿಂದ “ಓ” ಎಂದು ಉತ್ತರ ಬಂತು.

ಇವರದ್ದೇ ದನಿ. ಇವರ ಕೈ ಎಲೆಯ ಮೇಲೆ ನಿಂತಿತು. ಅತ್ತೆ ಒಳಗೆ ಬಂದು ಹಿಂಬಾಗಿಲಿಗೆ ಅಗಳಿ ಹಾಕಿದರು.

ಸಂಜೆ ನಾನೇ ಭಟ್ಟರಲ್ಲಿಗೆ ಹೋಗಿ ಹೇಳಿದೆ. ಯಾರು ಅದು ಎಂದು ಕೇಳಿದೆ.

“ಯಂಗೂ ಗೊತ್ತಿಲ್ಲೆ ತಂಗಿ,” ಎಂದರು. “ದರ್ಭೆ ಬೊಂಬೆಗೆ ಆ ಹೆಸರು ಕೊಟ್ಟಿದ್ದು ಆನು. ಉಂಬಲೆ ಕೊಡವಾದ್ದೂ ಆನೇ.”

ಅಂದಿನಿಂದ ಪ್ರತಿ ಅಮಾವಾಸ್ಯೆಯ ಮಧ್ಯಾಹ್ನ ಅವರು ಬಾಳೆಯೆಲೆಯಲ್ಲಿ ಅನ್ನ ಇಟ್ಟುಕೊಂಡು ದಂಡೆಗೆ ಇಳಿಯುತ್ತಿದ್ದರು. ಎಲೆ ಇಟ್ಟು, ಅದಕ್ಕೆ ಬೆನ್ನು ಮಾಡಿ, ಕೊಡೆ ಬಿಡಿಸಿ ಕೂರುತ್ತಿದ್ದರು. ಉಣ್ಣುವವರನ್ನು ನೋಡಬಾರದು ಎಂಬ ಮರ್ಯಾದೆ ಇರಬೇಕು. ಕಾಗೆ ಇಳಿದದ್ದನ್ನು ನಾನು ಒಮ್ಮೆಯೂ ಕಾಣಲಿಲ್ಲ. ಅವರು ಏಳುವಾಗ ಎಲೆ ಖಾಲಿ ಇರುತ್ತಿತ್ತು. ಭರತದ ನೀರು ಬಂದು ಒಯ್ದಿರಬಹುದು...

ಸ್ವಾತಂತ್ರ್ಯ ಬಂದ ಮರುವರ್ಷ ಅವರು ಜ್ವರದಿಂದ ಮಲಗಿದರು. ನಾನು ಗಂಜಿ ಒಯ್ದು ಕೊಡುತ್ತಿದ್ದೆ. ಅಮಾವಾಸ್ಯೆ ಹತ್ತಿರ ಬಂದಿತ್ತು. ಎಲೆ ನಾನು ಇಟ್ಟು ಬರಲೇ ಎಂದೆ. ಅಷ್ಟು ನಿತ್ರಾಣದಲ್ಲೂ ನನ್ನ ಕೈ ಗಟ್ಟಿ ಹಿಡಿದರು.

“ನೀ ಹೋಗಡ. ಅದು ನಿನ್ನ ಹಿಂದೆ ಬಕ್ಕು.”

ಅದು ನನ್ನ ಬೆನ್ನು ಹಿಡಿದು ಮನೆಗೆ ಬಂದೀತೆಂದು ಅವರಿಗೆ ಹೆದರಿಕೆ. ಆ ಅಮಾವಾಸ್ಯೆಗೆ ಅವರು ಉಳಿಯಲಿಲ್ಲ. ಮಕ್ಕಳಿಲ್ಲದ ಅವರಿಗೆ ಕೊಳ್ಳಿ ಇಟ್ಟವರು ನಮ್ಮವರೇ. ಹತ್ತನೆಯ ದಿನ ಪಿಂಡ ಇಟ್ಟು ಕೈ ತೆಗೆಯುವ ಮೊದಲೇ ಕಾಗೆ ಬಂತು. ಮರುವರ್ಷವೇ ನಾವು ಹೊಳೆ ಬಿಟ್ಟು ಕುಮಟೆಗೆ ಬಂದೆವು. ಇವರು ಇಲ್ಲೊಂದು ಖಾನಾವಳಿ ಇಟ್ಟರು, ಮಕ್ಕಳಾದವು, ಬಹಳ ವರ್ಷ ಚೆನ್ನಾಗಿಯೇ ಬಾಳಿದರು. ಇವರು ತೀರಿಕೊಂಡಾಗ ಪುರೋಹಿತರು ಹೆಸರು ಕೇಳಿದರೆ ಮಗ ಹೊಸ ಹೆಸರು ಹೇಳಿದ. ಅವನಿಗೆ ಗೊತ್ತಿರುವುದು ಅದೊಂದೇ.

ಗಂಡನ ಹೆಸರು ಹೇಳಬಾರದೆಂಬ ಕಾಲದವಳು ನಾನು. ಆ ಹಳೆಯ ಹೆಸರನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿದವಳಲ್ಲ. ಅತ್ತೆ, ಮೈದುನ ಯಾರೂ ಈಗಿಲ್ಲ. ಆ ಹೆಸರು ಬಲ್ಲವಳು ನಾನೊಬ್ಬಳೇ. ಭಟ್ಟರು ಹೋದ ಮೇಲೆ ಆ ದಂಡೆಯಲ್ಲಿ ಯಾರೂ ಅನ್ನ ಇಟ್ಟಿಲ್ಲ. ಇಷ್ಟು ವರ್ಷ ಹಸಿದುಕೊಂಡಿರುವ ಅದನ್ನು ಒಂದು ಸಲ ಕರೆಯಲೇ, ಕರೆದು ಒಂದು ತುತ್ತು ಇಡಲೇ ಎಂದು ಕೆಲವು ಮಧ್ಯಾಹ್ನ ಹೆಸರು ನಾಲಿಗೆಯ ತುದಿಯವರೆಗೆ ಬರುತ್ತದೆ. ಕರೆಯಬಹುದೇ ಎಂದು ಕೇಳೋಣವೆಂದರೆ ಭಟ್ಟರಿಲ್ಲ. ಬಾಯಿ ಮುಚ್ಚಿಕೊಂಡು ಕೂರುತ್ತೇನೆ.