ಎಣಿಸದ ಕುರಿಗಳು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಕೊಟ್ಟೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಇಂಗ್ಲಿಷ್ ಬರುತ್ತದೆ ಎಂಬ ಒಂದೇ ತಪ್ಪಿಗೆ, ಒಂದು ಶನಿವಾರ ಮಧ್ಯಾಹ್ನ ಇಬ್ಬರು ವಿಜ್ಞಾನಿಗಳ ಜೊತೆ ಜೀಪು ಹತ್ತಬೇಕಾಯಿತು. ಒಬ್ಬರು ಯುರೋಪಿನವರು, ಇನ್ನೊಬ್ಬರು ದೆಹಲಿಯವರು. ಭೂಮಿ ಯಾಕೆ ಬಿಸಿಯಾಗುತ್ತಿದೆ ಎಂಬುದೇ ಇಬ್ಬರ ಓದು. ಹರಪನಹಳ್ಳಿ ದಾರಿಯ ಹೊಲದಲ್ಲಿ ಕುರಿಗಳು ಕಂಡವು, ಇಳಿದೆವು.

ಕುರಿ ತೇಗಿದಾಗ ಬರುವ ಗಾಳಿಯಿಂದಲೂ ಭೂಮಿ ಬಿಸಿಯಾಗುತ್ತದಂತೆ ಎಂದು ನಾನು ಕುರಿಗಾಹಿ ಯಜಮಾನನಿಗೆ ಕನ್ನಡದಲ್ಲಿ ಹೇಳಿದೆ. ಆತ ನಗಲಿಲ್ಲ. ನನಗೇ ನಗು ಬಂದಿತ್ತು. ಎಷ್ಟು ಕುರಿ ಇವೆ ಎಂದು ಇಬ್ಬರೂ ಕೇಳಿದರು.

"ಕುರಿ ಎಣಿಸಬಾರದ್ರಿ ಮೇಷ್ಟ್ರ, ಮಂದಿ ಕಣ್ಣು ಬೀಳತೈತಿ. ದೇವ್ರು ಕೊಟ್ಟಷ್ಟು ಅದಾವು."

ಇದನ್ನು ಅವರಿಗೆ ಹೇಳಲು ನನಗೆ ನಾಚಿಕೆಯಾಯಿತು. ನಮ್ಮವರು ದಡ್ಡರೆಂದುಕೊಂಡಾರು ಎಂಬ ಭಯ. ಒಮ್ಮೆ ಕಣ್ಣು ಹಾಯಿಸಿ "ಇನ್ನೂರು" ಎಂದೆ. ಇಬ್ಬರೂ ಬರೆದುಕೊಂಡರು.

ಶುರುವಾಯಿತು ನೋಡಿ. ಇಂಥ ದೇಶಗಳಲ್ಲಿ ಕುರಿ, ದನ ಕಡಿಮೆಯಾಗಬೇಕು, ನಮ್ಮ ಸರ್ಕಾರವೂ ಅದನ್ನೇ ಹೇಳುತ್ತಿದೆ ಎಂದರು ಯುರೋಪಿನವರು. ಇದು ಇವರ ಹೊಟ್ಟೆಪಾಡು, ಮೊದಲು ನಿಮ್ಮ ಕಾರು ಕಡಿಮೆ ಮಾಡಿ, ನಮ್ಮ ಸರ್ಕಾರದ ಮಾತೂ ಇದೇ ಎಂದರು ದೆಹಲಿಯವರು. ಅದೇ ಇನ್ನೂರು ಕುರಿ, ಅದೇ ಗಾಳಿ. ಸರ್ಕಾರಕ್ಕೆ ಬೇಕಾದದ್ದು ಇವರ ಲೆಕ್ಕದಲ್ಲಿ ಬರುತ್ತದೋ, ಲೆಕ್ಕದಲ್ಲಿ ಬಂದದ್ದನ್ನು ಸರ್ಕಾರ ಕೇಳುತ್ತದೋ? ಇಬ್ಬರ ಮಾತೂ ಸರಿ ಎನಿಸಿ ನನ್ನ ತಲೆ ಗಿರ್ರೆಂದಿತು.

ಯಜಮಾನ ಹತ್ತಿರ ಬಂದ. "ಏನಂತಾರ್ರಿ? ಕುರಿ ಬಿಡಿಸ್ತಾರೇನ್ರಿ?"

"ಒಬ್ರು ಕಡಿಮಿ ಮಾಡಬೇಕಂತಾರ, ಒಬ್ರು ಬ್ಯಾಡಂತಾರ."

"ನೀವೂ ಓದಿದೋರು. ನೀವೇನಂತೀರಿ?"

ಇದ್ದದ್ದನ್ನು ಹೇಳಿಬಿಟ್ಟೆ. "ನಾನು ಇನ್ನೂರು ಅಂತ ಬರಿಸೀನಿ ಯಜಮಾನ್ರ."

ಆತನ ಮುಖ ಕಪ್ಪಿಟ್ಟಿತು. "ಎಣಿಸಿದ್ರೇನ್ರಿ?"

"ಇಲ್ಲ. ಬಾಯಿಗೆ ಬಂದಿದ್ದು ಹೇಳಿದೆ."

"ಹಂಗಾರ ಏನೂ ಆಗಂಗಿಲ್ಲ ಬಿಡ್ರಿ," ಎಂದು ಆತ ಉಸಿರುಬಿಟ್ಟ. ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಂಡು ಕುರಿಗಳನ್ನು ಮುಂದೆ ಹೊಡೆದುಕೊಂಡು ಹೋದ.

ಕೊಟ್ಟೂರು ಮುಟ್ಟುವ ತನಕ ಆ ಇಬ್ಬರು ನನ್ನ ಇನ್ನೂರನ್ನೇ ಹಿಡಿದು ವಾದ ಮಾಡಿದರು.