ಹತ್ತು ವರ್ಷದ ಹೊಟ್ಟೆನೋವು

ಸಲೂನಿನವನಿಗೆ ಊರವರು ಇಟ್ಟ ಹೆಸರು ಬುರುಡೆ. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಕುತ್ತಿಗೆ ಅವನ ಕತ್ತಿಯ ಕೆಳಗಿರುವಾಗ ಅಷ್ಟು ಧೈರ್ಯ ಯಾರಿಗಿದೆ? ಹಾಗಂತ ಸುಳ್ಳು ಹೇಳಿ ಯಾರ ತಲೆಯನ್ನೂ ಒಡೆದವನಲ್ಲ. ನಡೆದದ್ದನ್ನು ನಡೆದಷ್ಟೇ ಹೇಳಿದರೆ ಕೇಳುವವರಿಗೆ ಅವಮಾನ ಮಾಡಿದಂತೆ ಎಂದು ನಂಬಿದ್ದ, ಅಷ್ಟೇ. ಹಿತ್ತಲಿಗೆ ಬೆಕ್ಕು ಬಂದರೆ ಅವನ ಬಾಯಲ್ಲಿ ಅದು ಚಿರತೆ. ಅದನ್ನು ಕೇಳಲೆಂದೇ ಬೆಂಚಿನ ತುಂಬ ಜನ.

ಹೆಂಡತಿ ತದ್ವಿರುದ್ಧ. ಕೇಳಿದ್ದಕ್ಕಷ್ಟೇ ಉತ್ತರ, ಅದೂ ಒಂದೇ ಮಾತು. ಒಂದು ಸಂಜೆ ಅಂಗಡಿಯ ಟವೆಲುಗಳನ್ನು ಹಿಂಡುತ್ತಿದ್ದವಳು ಹೊಟ್ಟೆ ಹಿಡಿದು ಅಲ್ಲೇ ಕುಸಿದು ಕೂತಳು. ಆಮೇಲೆ ಎರಡು ತಿಂಗಳು ನೋವು ಬಂದು ಹೋಗಿ ಮಾಡಿತು. ಕೊನೆಗೆ ಆಸ್ಪತ್ರೆಯಲ್ಲಿ ಪಿತ್ತಕೋಶದ ಕಲ್ಲು, ಆಪರೇಷನ್ ಆಗಲೇಬೇಕು ಎಂದರು.

"ನೋವು ಎಷ್ಟು ದಿನದಿಂದ ಇದೆಯಮ್ಮ?" ಎಂದು ಡಾಕ್ಟರು ಅವಳನ್ನು ಕೇಳಿದರು. ಅವಳು ತುಟಿ ಬಿಚ್ಚುವಷ್ಟರಲ್ಲಿ ಇವನು ನಡುವೆ ಬಾಯಿ ಹಾಕಿದ.

"ದಿನದ ಮಾತೆಲ್ಲಿ ಬಂತು ಸಾರ್, ಹತ್ತು ವರ್ಷದಿಂದ ಒದ್ದಾಡ್ತಿದಾಳೆ. ಒಂದು ರಾತ್ರಿನೂ ಕಣ್ಣು ಮುಚ್ಚಿಲ್ಲ."

ಎರಡು ತಿಂಗಳು ಅಂದರೆ ಎಲ್ಲಿ ಅಸಡ್ಡೆ ಮಾಡಿಬಿಡುತ್ತಾರೋ ಎಂಬ ಹೆದರಿಕೆ ಪಾಪ ಅವನಿಗೆ. ಡಾಕ್ಟರು ತಲೆಯೆತ್ತದೆ ಬರೆದುಕೊಂಡರು.

ಆಪರೇಷನ್ ಖರ್ಚು ಕೊಡಬೇಕಿದ್ದ ವಿಮಾ ಕಂಪನಿಗೆ ಆ ಬರಹವೇ ಸಾಕಾಯಿತು. ಪಾಲಿಸಿ ಎರಡು ವರ್ಷದ್ದು, ಕಾಯಿಲೆ ಹತ್ತು ವರ್ಷದ್ದು, ಮುಚ್ಚಿಟ್ಟು ಪಾಲಿಸಿ ಮಾಡಿಸಿದ್ದೀರಿ, ಆದ್ದರಿಂದ ದುಡ್ಡಿಲ್ಲ ಎಂದು ಕೈ ತೊಳೆದುಕೊಂಡಿತು. ಇದೇ ಕಂಪನಿಯ ಏಜೆಂಟು ಇವನ ಸಲೂನಿನ ಕುರ್ಚಿಯಲ್ಲೇ ಗಡ್ಡ ಮಾಡಿಸಿಕೊಳ್ಳುತ್ತಾ, "ನೀವು ನಿಶ್ಚಿಂತೆಯಿಂದ ಮಲಗಿ, ಮಿಕ್ಕಿದ್ದು ನಮಗೆ ಬಿಡಿ" ಅಂದಿದ್ದ. ಅವಳನ್ನು ಒಮ್ಮೆಯಾದರೂ ಪರೀಕ್ಷೆ ಮಾಡಿಸಿದರೇ? ಅದೆಲ್ಲ ಬೇಕಿರಲಿಲ್ಲ, ಕಂತು ಬಂದರೆ ಸಾಕಿತ್ತು. ಎರಡು ವರ್ಷ ಇವರತ್ತ ಕಿವಿಗೊಡದ ಕಂಪನಿಗೆ ಈ ಒಂದು ಮಾತು ಮಾತ್ರ ಎಷ್ಟು ಚೆನ್ನಾಗಿ ಕೇಳಿಸಿತು ನೋಡಿ. ಏಜೆಂಟು ಈಗ ಫೋನೇ ಎತ್ತುತ್ತಿರಲಿಲ್ಲ.

ಆಪರೇಷನ್ ನಿಂತಿತು. ಅವಳು ಮಾತ್ರೆ ನುಂಗಿಕೊಂಡು ಗೋಡೆಯತ್ತ ಮುಖ ಮಾಡಿ, ಹಲ್ಲು ಕಚ್ಚಿ ಮಲಗುತ್ತಿದ್ದಳು. ಗಂಡನಿಗೆ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಅವನು ಕಂಪನಿಯ ಕಚೇರಿಗೆ ಅಲೆದಲೆದು ಚಪ್ಪಲಿ ಸವೆಸಿದ ಮೇಲೆ ಅಲ್ಲಿಂದ ವಿಚಾರಣೆಗೆ ಒಬ್ಬ ಮೇಡಂ ನೇರ ಸಲೂನಿಗೇ ಬಂದರು.

"ಡಾಕ್ಟರಿಗೆ ಹೇಳಿದ್ದು ಸುಳ್ಳು ಅಂತೀರಾ?"

"ಹೌದು ಮೇಡಂ. ನಾನೇ ಹೆಚ್ಚು ಮಾಡಿ ಹೇಳ್ಬಿಟ್ಟೆ."

ಬೆಂಚಿನಲ್ಲಿದ್ದ ನಿವೃತ್ತ ಮೇಷ್ಟ್ರಿಗೆ ಮೂಗಿನ ತುದಿಯಲ್ಲೇ ಕೋಪ. ಎದ್ದು ನಿಂತರು. "ಯಾರಿಗೆ ಸುಳ್ಳುಗಾರ ಅಂತಿದೀಯಮ್ಮ? ಇಷ್ಟು ವರ್ಷದಲ್ಲಿ ಇವನ ಬಾಯಿಂದ ಒಂದೇ ಒಂದು ಸುಳ್ಳು ಬಂದಿಲ್ಲ."

"ಅಪ್ಪಟ ಚಿನ್ನ ಮೇಡಂ," ಎಂದ ಪಕ್ಕದ ಬೇಕರಿಯವನು. ಕುರ್ಚಿಯಲ್ಲಿ ಮುಖಕ್ಕೆ ಸೋಪು ಬಳಿಸಿಕೊಂಡು ಕೂತಿದ್ದವನೂ ತಲೆಯಾಡಿಸಿದ. ಉಪಕಾರ ಮಾಡಲು ಹೊರಟ ಪುಣ್ಯಾತ್ಮರು!

"ಹಾಗಾದ್ರೆ ಹತ್ತು ವರ್ಷ ಅನ್ನೋದೇ ನಿಜ," ಎಂದು ಮೇಡಂ ಪೆನ್ನು ತೆಗೆದರು.

ಅವನು ಕತ್ತಿಯನ್ನು ಕೆಳಗಿಟ್ಟ.

"ಮೇಷ್ಟ್ರೇ, ಹಿತ್ತಲಿಗೆ ಬಂದದ್ದು ಚಿರತೆ ಅಲ್ಲ, ಬೆಕ್ಕು. ನಮ್ಮ ತಾತ ಹಡಗಿನ ಕ್ಯಾಪ್ಟನ್ ಅಲ್ಲ, ಹಡಗು ನೋಡಿದವರೇ ಅಲ್ಲ. ನಾನು ಯಾವ ಮಂತ್ರಿಗೂ ಕಟಿಂಗ್ ಮಾಡಿಲ್ಲ." ಇಷ್ಟು ವರ್ಷ ಕಟ್ಟಿದ್ದನ್ನು ತನ್ನ ಅಂಗಡಿಯಲ್ಲಿ ತಾನೇ ಒಂದೊಂದಾಗಿ ಕೆಡವಿದ. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು.

ಯಾರೂ ನಗಲಿಲ್ಲ. ಮೇಷ್ಟ್ರು ಮೆಲ್ಲಗೆ ಕೂತರು. "ನಮಗೆಲ್ಲ ಗೊತ್ತಿತ್ತು ಕಣಪ್ಪಾ," ಎಂದರು.

ಮೇಡಂ ಪೆನ್ನು ಹಿಡಿದೇ ಇದ್ದರು. "ಮತ್ತೆ ನಾನು ಯಾರ ಮಾತು ನಂಬ್ಲಿ?"

"ನನ್ನ ಹೆಂಡತಿನ ಕೇಳಿ ಮೇಡಂ. ಅವಳ ನೋವು ಎಷ್ಟು ದಿನದ್ದು ಅಂತ ಅವಳ ಬಾಯಿಂದ ಯಾರೂ ಕೇಳಿಲ್ಲ. ನಾನೇ ಬಿಡ್ಲಿಲ್ಲ."

ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳು ಎದ್ದು ಕೂತು, "ಆಸ್ಪತ್ರೆಗೆ ಹೋದಾಗ ಎರಡು ತಿಂಗಳು," ಎಂದಳು. ಟವೆಲು ಹಿಂಡಿದ ಸಂಜೆಯ ವಿಷಯ ಹೇಳಿದಳು. ಅವನು ಬಾಗಿಲಲ್ಲಿ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದ. ಮೇಡಂ ಅವಳನ್ನು ಡಾಕ್ಟರ ಬಳಿಗೆ ಕರೆದೊಯ್ದರು. ಡಾಕ್ಟರು ಮತ್ತೆ ಪರೀಕ್ಷೆ ಮಾಡಿ, ಅವಳನ್ನೇ ಕೇಳಿ, ತಿದ್ದಿ ಬರೆದುಕೊಟ್ಟರು. ಕಂಪನಿ ಇನ್ನಷ್ಟು ಸತಾಯಿಸಿ ಕೊನೆಗೆ ಒಪ್ಪಿತು. ಕ್ಷಮೆಯ ಮಾತು ಮಾತ್ರ ಬರಲಿಲ್ಲ.

ಆಪರೇಷನ್ ಆದ ಮಾರನೇ ಬೆಳಿಗ್ಗೆ ಡಾಕ್ಟರು ಬಂದು, "ಹೇಗಿದೆಯಮ್ಮ ಈಗ?" ಎಂದರು.

ಅವನು ತುಟಿ ಒತ್ತಿ ಹಿಡಿದು ಕಿಟಕಿಯ ಕಡೆ ತಿರುಗಿದ. ಅವಳು ಗಂಡನ ಬೆನ್ನನ್ನು ಒಂದು ಗಳಿಗೆ ನೋಡಿದಳು.

"ಹತ್ತು ವರ್ಷದ ನೋವು ಹೋದ ಹಾಗಿದೆ ಸಾರ್."

ಅವನು ಗಾಬರಿಯಿಂದ ತಿರುಗಿ ಡಾಕ್ಟರ ಕೈ ಹಿಡಿದುಕೊಂಡ. "ಅದನ್ನ ಬರ್ಕೋಬೇಡಿ ಸಾರ್, ಅವಳು ತಮಾಷೆಗೆ ಅಂದಿದ್ದು."

ಹೊಲಿಗೆ ಎಳೆಯುತ್ತಿದ್ದರೂ ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.