ಬೀಳುವ ವಿಮಾನ, ವಿರೂಪಾಕ್ಷಮ್ಮನ ಮಿಕ್ಸರ್

ಉಮಾಪತಿಯ ವಿಮಾನ ಬಿದ್ದಾಗಲೆಲ್ಲ ಮೊದಲ ಕೂಗು ಹೋಗುತ್ತಿದ್ದದ್ದು ಅಡುಗೆಮನೆಯ ಕಡೆಗೆ.

“ಏ, ಮಿಕ್ಸರ್ ಬಂದ್ ಮಾಡ! ಬಿತ್ತು ನೋಡು, ಬಿತ್ತು!”

ವಿರೂಪಾಕ್ಷಮ್ಮ ಹಿಟ್ಟಿನ ಕೈಯಲ್ಲೇ ಪಡಸಾಲೆಗೆ ಬಂದು ನೋಡಿದರೆ ಟಿವಿಯಲ್ಲಿ ನೆಲ ಮೇಲೆ, ಆಕಾಶ ಕೆಳಗೆ. ಗಂಡ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದ, ನಿಜವಾಗಿಯೂ ನಾಲ್ಕು ಜನ ಸತ್ತರೇನೋ ಎಂಬಂತೆ.

ಆ ಆಟದ ಪೆಟ್ಟಿಗೆಯನ್ನು ಗಂಗಾವತಿಗೆ ತಂದವನು ಓಣಿಯ ಮಕ್ಬುಲಸಾಬ. ದುಬೈನಲ್ಲಿ ಫಿಟ್ಟರ್ ಆಗಿದ್ದವನು ಎಂಬತ್ತಾರರಲ್ಲಿ ಊರಿಗೆ ಮರಳುವಾಗ ಹೊತ್ತು ತಂದಿದ್ದ. ಅವನ ಹೆಂಡತಿ ಸರ್ದಾರಬೀ, “ಹೊಲಿಗಿ ಮಷೀನ್ ತಾ ಅಂದ್ರ ಇದೇನು ತಂದಿಯೋ” ಎಂದು ಅದನ್ನು ಅಟ್ಟಕ್ಕೆ ಏರಿಸಿದಳು. ಅಲ್ಲಿಂದ ಅದು ಉಮಾಪತಿಯ ಕೈಗೆ ಬಂತು. ಮಕ್ಕಳು ಬರೆಯುವ ಪಾಟಿಯಷ್ಟು ಅಗಲದ ಕರಿ ಕಂಪ್ಯೂಟರ್, ಮೇಲೆ ರಬ್ಬರಿನ ಗುಂಡಿಗಳು. ಒಂದು ವೈರು ಟಿವಿಗೆ, ಒಂದು ಟೇಪ್ ರೆಕಾರ್ಡರಿಗೆ. ಕ್ಯಾಸೆಟ್ ಹಾಕಿದರೆ ಮನೆ ತುಂಬ ಕಿವಿ ಸೀಳುವ ಕೀರಲು ಸದ್ದು. ಅದು ನಿಂತ ಮೇಲೆ ಪರದೆಯಲ್ಲಿ ಒಂದು ಗೆರೆ. ಗೆರೆಯ ಮೇಲೆ ಆಕಾಶ, ಕೆಳಗೆ ನೆಲ, ಅದರ ಕೆಳಗೆ ಗಡಿಯಾರದಂಥ ನಾಲ್ಕಾರು ಮುಳ್ಳುಗಳು. ಒಂದು ಗುಂಡಿ ಒತ್ತಿದರೆ ವಿಮಾನ ಮೂತಿ ಎತ್ತುತ್ತದೆ, ಇನ್ನೊಂದು ಒತ್ತಿದರೆ ಇಳಿಸುತ್ತದೆ.

ಉಮಾಪತಿಯದು ಬೀಜ-ಗೊಬ್ಬರದ ಅಂಗಡಿ. ಮಧ್ಯಾಹ್ನ ಬಾಗಿಲು ಹಾಕಿ ಮನೆಗೆ ಬಂದು, ಉಂಡು, ಟಿವಿಯ ಮುಂದೆ ಕೂರುತ್ತಿದ್ದ. ಮರಳಿ ಎಂಬ ಹಳ್ಳಿಯಿಂದ ಯೂರಿಯಾಕ್ಕೆಂದು ಬಂದ ರೈತರು ಅಂಗಡಿಯ ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದರು. ಅವನು ವಿಮಾನವನ್ನು ಏರಿಸುತ್ತಿದ್ದ, ಚೆನ್ನಾಗಿಯೇ ಹಾರಿಸುತ್ತಿದ್ದ. ಆಮೇಲೆ ಇದ್ದಕ್ಕಿದ್ದಂತೆ ಅದು ಮೂತಿ ಕೆಳಗೆ ಮಾಡಿದರೆ, ಏನು ಒತ್ತಿದರೂ ಕೇಳುತ್ತಿರಲಿಲ್ಲ. ಒಮ್ಮೆಯೂ ನೆಲಕ್ಕೆ ಸರಿಯಾಗಿ ಇಳಿಸಲು ಆಗಿರಲಿಲ್ಲ.

ಮಿಕ್ಸರ್ ಮೇಲೆ ಸಂಶಯ ಬರಲು ಕಾರಣವಿತ್ತು. ಅದು ತಿರುಗಿದಾಗ ಟಿವಿಯಲ್ಲಿ ಬಿಳಿ ಚುಕ್ಕೆಗಳು ಹಾಯುತ್ತಿದ್ದವು. ಅಷ್ಟೇ ಸಾಕಾಯಿತು. ಊಟದಿಂದ ಸಂಜೆಯವರೆಗೆ ಮಿಕ್ಸರ್ ಮುಟ್ಟಬಾರದೆಂದು ಅಪ್ಪಣೆಯಾಯಿತು. ಬೆಳಿಗ್ಗೆ ನೀರು, ರೊಟ್ಟಿ, ಮಕ್ಕಳ ಸಾಲೆ. ಸಂಜೆ ಮತ್ತೆ ರೊಟ್ಟಿ. ವಿರೂಪಾಕ್ಷಮ್ಮನಿಗೆ ಕುಟ್ಟಲು ಬೀಸಲು ಸಿಗುತ್ತಿದ್ದದ್ದು ಆ ಮಧ್ಯಾಹ್ನವೊಂದೇ.

ಆ ಮಿಕ್ಸರ್ ಅವಳದು. ಇಟಗಿಯಿಂದ ಮದುವೆಯಾಗಿ ಬಂದಾಗಿನಿಂದ ಈ ಮನೆಯ ಶೇಂಗಾ, ಗುರೆಳ್ಳು, ಒಣಕೊಬ್ಬರಿ ಎಲ್ಲ ಅವಳ ಬಲಭುಜದ ಮೇಲೆಯೇ ಪುಡಿಯಾಗಿದ್ದವು. ಭುಜ ನೋವೆಂದರೆ ಅತ್ತೆ ಕಳಕಮ್ಮ, “ನಾವೇನು ಕುಟ್ಟಿಲ್ಲೇನು?” ಎನ್ನುತ್ತಿದ್ದಳು. ಓಣಿಯ ಹೆಂಗಸರ ಕುಪ್ಪಸ ಹೊಲಿದು ಹೊಲಿದು ಕೂಡಿಸಿದ ದುಡ್ಡಿನಲ್ಲಿ, ಹೊಸಪೇಟೆಗೆ ಹೋಗಿ ಮಿಕ್ಸರ್ ತಂದಿದ್ದಳು. ಬಸ್ಸಿನಲ್ಲಿ ಕೆಳಗಿಡದೆ ತೊಡೆಯ ಮೇಲೆಯೇ ಇಟ್ಟುಕೊಂಡು ಬಂದಿದ್ದಳು. ಈಗ ಅದು ಗೋಡೆಯ ಗೂಡಿನಲ್ಲಿ ಮುಸುಕು ಹಾಕಿಕೊಂಡು ಕೂತಿತು. ಹಿತ್ತಲಿನ ಕುಟ್ಟುವ ಒಳ್ಳು ಮತ್ತೆ ಎದ್ದು ಬಂತು.

ಮಿಕ್ಸರ್ ಸುಮ್ಮನಾದರೂ ವಿಮಾನ ಬಿದ್ದೇ ಬಿತ್ತು.

ಉಮಾಪತಿ ಕರೆಂಟಿನ ಕೆಲಸದ ಕೊಟ್ರಪ್ಪನನ್ನು ಕರೆಸಿದ. ಕೊಟ್ರಪ್ಪ ಗೋಡೆಗೆ ಕಿವಿ ಹಚ್ಚಿ, ಬೋರ್ಡು ಬಿಚ್ಚಿ, “ಅರ್ಥಿಂಗ್ ಇಲ್ರೀ ಸಾವಕಾರ್ರ” ಎಂದ. ಬಚ್ಚಲ ಹಿಂದೆ ಗುಂಡಿ ತೋಡಿ, ಇದ್ದಿಲು ಉಪ್ಪು ತುಂಬಿ, ಕಬ್ಬಿಣದ ಪೈಪು ಹುಗಿದ.

“ದಿನಾ ಒಂದು ಕೊಡ ನೀರು ಹಾಕಬೇಕ್ರಿ. ಒಣಗಿದ್ರ ಉಪಯೋಗಿಲ್ಲ.”

“ಅದಕೇನು, ಹಾಕ್ತೀವಿ” ಎಂದ ಉಮಾಪತಿ.

ಆ ‘ಹಾಕ್ತೀವಿ’ ಎಂದರೆ ಯಾರೆಂದು ಯಾರೂ ಕೇಳಲಿಲ್ಲ. ನಲ್ಲಿಯಿಂದ ಹೊತ್ತು ತಂದ ನೀರಿನಲ್ಲಿ ಒಂದು ಕೊಡ ಆ ಗುಂಡಿಯ ಪಾಲಾಯಿತು.

ಮುಂದೆ ಪೆಟ್ಟಿಗೆ ಕಾದು ಬಿಸಿಯಾಗುತ್ತದೆಂದು ಗುಮಾನಿ ಬಂತು. ಕಿಟಕಿಗೆ ಗೋಣಿತಟ್ಟು ಕಟ್ಟಿ ಅದನ್ನು ತೋಯಿಸುವ ಕೆಲಸ ಅವಳಿಗೆ. ಧೂಳು ಕೂಡುತ್ತದೆಂದಾಯಿತು, ಕಸೂತಿಯ ಮುಸುಕು ಹೊಲಿದವಳು ಅವಳು. ಫ್ರಿಜ್ಜು ಕರೆಂಟು ಎಳೆಯುತ್ತದೆಂದು ಅದನ್ನು ಆರಿಸಿದಾಗ ಹಾಲು ಒಡೆಯಿತು, ಬೈಸಿಕೊಂಡವಳೂ ಅವಳೇ. ಕೊನೆಗೆ ಕಳಕಮ್ಮ, “ದೃಷ್ಟಿ ಆಗೇತಿ ತಮ್ಮಾ” ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಲು ಸೊಸೆಗೆ ಹೇಳಿದಳು.

“ಟಿವಿಗೆ ನಿವಾಳಿಸ್ಲೋ, ನಿಮ್ಮ ಮಗಗೋ?” ಎಂದಳು ವಿರೂಪಾಕ್ಷಮ್ಮ.

“ಇಬ್ಬರಿಗೂ ನಿವಾಳಿಸು. ಬಾಯಿ ಭಾಳ ಆತು ನಿಂದು.”

ಇಷ್ಟರ ನಡುವೆ ದಿನವೂ ತಪ್ಪದ್ದು ಒಗ್ಗರಣೆ ಮಿರ್ಚಿ. ವಿಮಾನ ಮೇಲೇರಿದ ಕೂಡಲೇ ಪಡಸಾಲೆಯಿಂದ ದನಿ ಬರುತ್ತಿತ್ತು: “ಏ, ಮಿರ್ಚಿ ಆದ್ವೇನ?” ಮಂಡಕ್ಕಿ ತೋಯಿಸಿ, ಹಿಂಡಿ, ಉಳ್ಳಾಗಡ್ಡಿ ಹೆಚ್ಚಿ, ಒಗ್ಗರಣೆ ಕೊಟ್ಟು, ಪುಟಾಣಿ ಹಿಟ್ಟು ಉದುರಿಸಿ, ಬಿಸಿ ಮಿರ್ಚಿ ಬಜ್ಜಿಯ ಜೊತೆ ತಾಟು ತಂದಿಡಬೇಕು. ಅವನು ಕಣ್ಣು ಟಿವಿಯಲ್ಲಿಟ್ಟು, ಒಂದು ಕೈಯಲ್ಲಿ ತಿನ್ನುತ್ತ ಒಂದು ಕೈಯಲ್ಲಿ ಹಾರಿಸುತ್ತಿದ್ದ. ಕೈ ಬದಲಾಗುತ್ತಲೂ ಇತ್ತು.

ಶ್ರಾವಣ ಬಂತು. ಒಂದು ದಿನ ಉಮಾಪತಿ ಗೂಡಿನ ಕಡೆ ನೋಡಿ, “ಮಿಕ್ಸರ್ ಸುಮ್ಮನ ಕುಂತೈತಿ. ಯಲಬುರ್ಗಿಗೆ ನಮ್ಮ ಶಾಂತಕ್ಕಗ ಕೊಟ್ಟುಬಿಡೂಣು. ಮಾವಾರು ಮಂಗಳವಾರ ಬರ್ತಾರ, ಒಯ್ತಾರ” ಎಂದ.

“ಅದು ನಂದು ರೀ.”

“ನಿಂದಂದ್ರ ಮನಿದ ಅಲ್ಲೇನು?”

“ಹಂಗಾದ್ರ ನಿಮ್ಮ ವಿಮಾನಾನೂ ಮನಿದ. ಅದನ್ನ ಕೊಡ್ರಿ ಯಲಬುರ್ಗಿಗೆ.”

ಅವನು ನಕ್ಕು ಎದ್ದುಹೋದ. ಅವಳಿಗೆ ಆ ನಗು ಬೈಗುಳಕ್ಕಿಂತ ಹೆಚ್ಚು ಉರಿಯಿತು. ಒಳ್ಳಿನ ಮುಂದೆ ಕೂತು ಒನಕೆ ಎತ್ತಿದರೆ ಭುಜ ಅರ್ಧಕ್ಕೇ ನಿಂತಿತು. ಇದು ಇನ್ನು ಜೀವಮಾನದ ಮಾತು ಅನ್ನಿಸಿತು.

ಸೋಮವಾರ ಮಧ್ಯಾಹ್ನ. ಶ್ರಾವಣ ಸೋಮವಾರ ಉಮಾಪತಿಗೆ ಉಪವಾಸ, ಸಂಜೆ ಪೂಜೆಯಾಗುವವರೆಗೆ ಬಾಯಿಗೆ ನೀರಷ್ಟೇ. ಅವನು ಹೊಟ್ಟೆಯ ಸಿಟ್ಟನ್ನೆಲ್ಲ ವಿಮಾನದ ಮೇಲೆ ತೀರಿಸುವವನಂತೆ ಕೂತ. ವಿರೂಪಾಕ್ಷಮ್ಮ ಗೂಡಿನಿಂದ ಮಿಕ್ಸರ್ ಇಳಿಸಿದಳು. ಹೋಗುವುದಿದ್ದರೆ ಹೋಗಲಿ, ಈ ತಿಂಗಳ ಚಟ್ನಿಪುಡಿ ಮಾಡಿಕೊಟ್ಟು ಹೋಗಲಿ ಎಂದುಕೊಂಡಳು. ಶೇಂಗಾ ಹಾಕಿ ತಿರುವಿದಳು. ಗುರೆಳ್ಳು ಹಾಕಿದಳು. ಕೊಬ್ಬರಿ ಹಾಕಿದಳು. ಕೂಗು ಬರಲೆಂದು ಕಾದಳು. ಉತ್ತರವೂ ನಾಲಿಗೆಯ ತುದಿಯಲ್ಲಿತ್ತು. ಕೂಗು ಬರಲಿಲ್ಲ. ಸಿಟ್ಟಿಗೆ ಇನ್ನಷ್ಟು ಶೇಂಗಾ ಸುರಿದಳು.

ಉಮಾಪತಿ ಓಡಿ ಬಂದ. ಮುಖ ಅರಳಿತ್ತು.

“ಇಳೀತು! ಎವ್ವಾ, ಇಳಿಸಿದೆ! ಮಳಿಯಾಗ ಇಳಿಸಿದೆ ನೋಡು!”

“ಯಾವ ಮಳಿಯೋ?” ಎಂದಳು ಬಾಗಿಲಲ್ಲಿ ಬತ್ತಿ ಹೊಸೆಯುತ್ತಿದ್ದ ಕಳಕಮ್ಮ.

“ಟಿವಿ ತುಂಬ ಬೆಳ್ಳಗ ಹನಿ ಬೀಳಾಕ ಹತ್ತಿದ್ವು. ಆಟದಾಗ ಮಳೀನೂ ಬರ್ತೈತಿ, ನನಗ ಗೊತ್ತ ಇರಲಿಲ್ಲ.”

“ಮಳಿ ಅಲ್ಲ ತಮ್ಮಾ. ನಿನ್ನ ಹೇಣ್ತಿ ಆಗಿಂದ ಮಿಕ್ಸರ್ ತಿರುವಾಕ ಹತ್ಯಾಳ.”

ಉಮಾಪತಿ ಮಿಕ್ಸರ್ ನೋಡಿದ, ಹೆಂಡತಿಯನ್ನು ನೋಡಿದ. “ಇವತ್ತು ಸೋಮವಾರ. ಶಿವನ ದಯಾ” ಎಂದು ಹೊರಟುಹೋದ.

ಮಂಗಳವಾರ ಉಮಾಪತಿಯ ಅಕ್ಕ ಶಾಂತಕ್ಕನ ಗಂಡ ಅಂದಪ್ಪ ಮಡಚಿದ ಗೋಣಿಚೀಲ ಬಗಲಲ್ಲಿಟ್ಟುಕೊಂಡು ಬಂದ. ಉಮಾಪತಿ ಅವನನ್ನು ಟಿವಿಯ ಮುಂದೆ ಕೂರಿಸಿ, “ಇಳಸೂದು ತೋರಿಸ್ತೀನಿ ಮಾವಾರ” ಎಂದು ಕ್ಯಾಸೆಟ್ ಹಾಕಿದ. ಒಳಗೆ ಹೇಳಿದ: “ಮಾವಾರಿಗೂ ಮಿರ್ಚಿ ಮಾಡು. ಮಿಕ್ಸರ್ ಮಾತ್ರ ಮುಟ್ಟಬ್ಯಾಡ.”

ವಿಮಾನ ಏರಿತು. ಮಿರ್ಚಿ ಬಂದವು. ಅಂದಪ್ಪ ತಿಂದ, ಉಮಾಪತಿ ತಿಂದ, ಎಣ್ಣೆ ಬೆರಳಿನಿಂದ ಮೂತಿ ಇಳಿಸುವ ಗುಂಡಿ ಒತ್ತಿದ. ಎರಡನೆಯ ಸರದಿಯ ಮಿರ್ಚಿ ತಂದ ವಿರೂಪಾಕ್ಷಮ್ಮ ಅವನ ಹೆಗಲ ಹಿಂದೆ ನಿಂತಳು. ಅವಳು ಟಿವಿ ನೋಡುತ್ತಿರಲಿಲ್ಲ. ಖಾಲಿ ತಾಟಿಗಾಗಿ ಅವನ ಕೈ ನೋಡುತ್ತಿದ್ದಳು. ಬೆರಳು ಮೇಲೆ ಬಂತು. ಒತ್ತಿದ ಗುಂಡಿ ಮೇಲೆ ಬರಲಿಲ್ಲ.

“ಬಿತ್ತು! ಮತ್ತ ಬಿತ್ತು! ಮಿಕ್ಸರ್—”

“ಮಿಕ್ಸರ್ ಗೂಡಿನಾಗೈತಿ. ನಿನ್ನೆ ಉಪವಾಸ ಇದ್ದಾಗ ಹೆಂಗ ಇಳೀತು?” ಎಂದಳು. ಮಿರ್ಚಿಯ ತಾಟು ಕೆಳಗಿಟ್ಟು, ಒಳಗಿನಿಂದ ಮೊರ ತಂದು, ಪೆಟ್ಟಿಗೆಯ ವೈರು ಕಿತ್ತು, ಮೊರದ ಮೇಲೆ ಬೋರಲು ಹಾಕಿ ಬೆನ್ನಿಗೆ ನಾಲ್ಕು ಏಟು ಕೊಟ್ಟಳು.

ಮೊರದ ಮೇಲೆ ಮಂಡಕ್ಕಿಯ ಚೂರು ಬಿದ್ದವು, ಎಣ್ಣೆಯಲ್ಲಿ ಕಲಸಿ ಗಟ್ಟಿಯಾದ ಪುಟಾಣಿ ಹಿಟ್ಟಿನ ಉಂಡೆ ಬಿದ್ದವು, ಒಂದು ಸಾಸಿವೆ, ಕರಿಬೇವಿನ ತುಂಡು. ಅಂದಪ್ಪ ಬಗ್ಗಿ ನೋಡಿ ಹೇಳಿದ: “ಒಬ್ಬರ ಹೊಟ್ಟಿಗಾಗುವಷ್ಟು ಐತಲ್ಲೋ!”

ನಗು ನಿಂತ ಮೇಲೆ ಉಮಾಪತಿ ಗಂಟಲು ಸರಿಮಾಡಿಕೊಂಡ. “ಹಂಗಾದ್ರ ದಿನಾ ಒಮ್ಮಿ ನೀ ಇದನ್ನ ಒರಸಿ ಇಡು.”

ನೀರಿನ ಗುಂಡಿ, ಗೋಣಿತಟ್ಟು, ಮುಸುಕು, ನಿವಾಳಿ. ಅದರ ಮೇಲೆ ಇದೊಂದು. ವಿರೂಪಾಕ್ಷಮ್ಮ ಮೊರ ಮತ್ತು ಪೆಟ್ಟಿಗೆ ಎರಡನ್ನೂ ಎತ್ತಿ ಅವನ ತೊಡೆಯ ಮೇಲಿಟ್ಟಳು.

“ತಿಂದವರು ಒರಸ್ರಿ. ಬಚ್ಚಲ ಹಿಂದಿನ ಗುಂಡಿಗೆ ನೀರೂ ನೀವ ಹಾಕ್ರಿ, ಇಲ್ಲಾಂದ್ರ ಒಣಗಲಿ. ಮಿಕ್ಸರ್ ಎಲ್ಲಿಗೂ ಹೋಗೂದಿಲ್ಲ.”

ಉಮಾಪತಿ ತಾಯಿಯ ಮುಖ ನೋಡಿದ. ಕಳಕಮ್ಮ ಬತ್ತಿ ಹೊಸೆಯುತ್ತ, “ನಿನ್ನೆ ಚಟ್ನಿ ಭಾಳ ಸಣ್ಣಗಾಗೇತಿ. ನನ್ನ ಹಲ್ಲಿಗೆ ಛಲೋ” ಎಂದಳು.

“ನಾ ಮಿಕ್ಸರ್ ಒಯ್ಯಾಕ ಬಂದಾಂವ. ಬರೇ ಚೀಲ ಒಯ್ದ್ರ ನಿಮ್ಮ ಶಾಂತಕ್ಕ ಬಾಗಿಲು ತೆಗೀತಾಳೇನ್ರಿ?” ಎಂದು ಅಂದಪ್ಪ ಚೀಲ ಝಾಡಿಸಿದ.

“ಬರೇ ಚೀಲ ಯಾಕ ಅಣ್ಣಾರ” ಎಂದು ವಿರೂಪಾಕ್ಷಮ್ಮ ಶೇಂಗಾ ಚಟ್ನಿಪುಡಿಯ ಡಬ್ಬಿ ಅದರೊಳಗೆ ಇಳಿಸಿದಳು. “ಅಕ್ಕಾರಿಗೂ ಭುಜ ನೋವು ಅದಾವು. ಅವರಿಗೊಂದು ನೀವ ಕೊಡಸ್ರಿ.”

ಮರುದಿನ ಮಧ್ಯಾಹ್ನ ಅವಳು ಒಗ್ಗರಣೆಯನ್ನು ಅಡುಗೆಮನೆಯಲ್ಲೇ ಬಡಿಸಿದಳು. ಉಮಾಪತಿ ಉಂಡು, ಬಚ್ಚಲಲ್ಲಿ ಕೈ ತೊಳೆದು ಹೋದ. ಸ್ವಲ್ಪ ಹೊತ್ತಿಗೆ ಪಡಸಾಲೆಯಿಂದ ಕೂಗು ಬಂತು.

“ಏ, ಒರಸೂ ಬಟ್ಟಿ ಎಲ್ಲೈತಿ?”

ಮಿಕ್ಸರ್ ತಿರುಗುತ್ತಿತ್ತು. ಆದರೂ ಅವಳಿಗೆ ಕೇಳಿಸಿತು. ಅವಳು ಅದನ್ನು ಬಂದ್ ಮಾಡಲಿಲ್ಲ. ಇನ್ನೊಂದು ಹಿಡಿ ಗುರೆಳ್ಳು ಹಾಕಿ ಮುಚ್ಚಳ ಒತ್ತಿ ಹಿಡಿದಳು.